ಹದಿನಾಲ್ಕನೇ ಕಂತಿನ ಮುನಿಸು

ಓದುಗರ ಪತ್ರ:
"ಸಂಪಾದಕರೇ, ಇದು ಲಾಕ್‌ಡೌನ್‌ನಲ್ಲಿ ಮಗಳು ಹಿಡಿಸಿದ ಹುಚ್ಚು. ನಮ್ಮ ಧಾರಾವಾಹಿಗಳ ಹಾಗೆ ವರ್ಷಗಟ್ಟಲೆ ಎಳೆಯುವುದಿಲ್ಲ, ಹದಿನಾರು ಕಂತಿಗೆ ಮುಗಿಯುತ್ತದೆ ಎಂದು ಕೊರಿಯನ್ ಸೀರಿಯಲ್ ಕಡೆ ಬಂದೆ. ಇಲ್ಲೂ ಅದೇ ಗೋಳು. ಎಂಟನೇ ಕಂತಿನವರೆಗೆ ಕೈ ಹಿಡಿಯುವುದಿಲ್ಲ. ಹನ್ನೆರಡರಲ್ಲಿ ಎಲ್ಲ ಸರಿಹೋಯಿತು ಎನ್ನುವಷ್ಟರಲ್ಲಿ ಹದಿನಾಲ್ಕರಲ್ಲಿ ಕಾರಣವೇ ಇಲ್ಲದೆ ದೂರ ಆಗುತ್ತಾರೆ. ಕೊನೆಯದರಲ್ಲಿ ‘ಒಂದು ವರ್ಷದ ನಂತರ’ ಎಂದು ಬರೆದು ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ. ‘ಟ್ವೆಂಟಿ ಫೈವ್ ಟ್ವೆಂಟಿ ವನ್’ ಮುಗಿದ ರಾತ್ರಿ ನನಗೂ ಮಗಳಿಗೂ ಊಟ ಸೇರಲಿಲ್ಲ. ಅಷ್ಟು ಹೊತ್ತು ಕೂತು ನೋಡಿದವರಿಗೆ ಇದು ಮೋಸ ಅಲ್ವಾ? ಎರಡನೇ ಭಾಗ ಬರುತ್ತದಾ?"
– ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ:

ಪ್ರಿಯ ಓದುಗರೇ,

ನಿಧಾನದ ವಿಷಯದಲ್ಲಿ ನನಗೂ ನಿಮಗೂ ಜಗಳ ಇದೆ. ಅದನ್ನು ಮೊದಲು ಮುಗಿಸಿಬಿಡೋಣ.

ಎಂಟು ಕಂತು ಕೈ ಹಿಡಿಯುವುದಿಲ್ಲ ಎನ್ನುತ್ತೀರಿ. ಆದರೆ ಆ ಎಂಟನ್ನೂ ನೀವು ಬಿಡದೆ ನೋಡಿದ್ದೀರಿ. ಫಾರ್ವರ್ಡ್ ಕೂಡ ಮಾಡಿರಲಿಕ್ಕಿಲ್ಲ. ಈ ಸೀರಿಯಲ್‌ಗಳ ರುಚಿ ಇರುವುದೇ ಅಲ್ಲಿ. ಒಂದು ಕೊಡೆಯ ಕೆಳಗೆ ಇಬ್ಬರು, ಕೊನೇ ಬಸ್ಸಿಗೆ ಕಾಯುವ ಸ್ಟಾಪು, ರಾತ್ರಿ ಅಂಗಡಿಯ ಮುಂದೆ ಕೂತು ತಿನ್ನುವ ರಾಮೆನ್. ಅವರಿಬ್ಬರಿಗೂ ಗೊತ್ತು, ನಮಗೂ ಗೊತ್ತು, ಬಾಯಿ ಬಿಟ್ಟು ಹೇಳುವವರು ಮಾತ್ರ ಯಾರೂ ಇಲ್ಲ. ಇದನ್ನು ಎರಡು ಕಂತಿಗೆ ಇಳಿಸಿದರೆ ಉಳಿಯುವುದು ಮದುವೆ ಮಾತುಕತೆ ಅಷ್ಟೇ.

ಬೇಗ ಒಂದಾದರೆ ಎಲ್ಲ ಸರಿಹೋಗುತ್ತದೆ ಎಂದೂ ಅಲ್ಲ. 2018ರಲ್ಲಿ ಬಂದ ‘ಸಮ್‌ಥಿಂಗ್ ಇನ್ ದ ರೇನ್’ ನೋಡಿದ್ದೀರಾ? ಕಾಫಿ ಕಂಪನಿಯಲ್ಲಿ ಕೆಲಸ ಮಾಡುವ ಮೂವತ್ತೈದರ ಹೆಣ್ಣು. ಅವಳ ಗೆಳತಿಯ ತಮ್ಮ. ಶುರುವಿನ ಕಂತುಗಳಲ್ಲೇ ಎಲ್ಲರ ನಡುವೆ ಕೂತಿದ್ದಾಗ, ಮೇಜಿನ ಕೆಳಗೆ, ಅವಳೇ ಅವನ ಕೈ ಹಿಡಿಯುತ್ತಾಳೆ. ಎಷ್ಟು ಚಂದದ ದೃಶ್ಯ ಅದು! ಆಮೇಲೆ ಮಾಡುವುದೇನು? ಅಮ್ಮನ ವಿರೋಧ, ಮುಚ್ಚಿಡುವುದು, ಸುಳ್ಳು, ಮತ್ತೆ ಅಮ್ಮನ ವಿರೋಧ. ಇಬ್ಬರೂ ಬೇರೆಯಾಗುತ್ತಾರೆ. ಕೊನೆಯ ಹೊತ್ತಿಗೆ ವರ್ಷಗಳು ಹಾರುತ್ತವೆ, ಅವಳ ಪಕ್ಕದಲ್ಲಿ ಇನ್ನೊಬ್ಬ ಗೆಳೆಯ ಇರುತ್ತಾನೆ. ಕಡೆಗೆ ಜೆಜು ದ್ವೀಪದ ಮಳೆಯಲ್ಲಿ ಮತ್ತೆ ಸೇರುತ್ತಾರೆ. ಮೊದಲರ್ಧಕ್ಕೆ ಮನಸೋತವರೇ ಎರಡನೇ ಅರ್ಧಕ್ಕೆ ಹಿಡಿಶಾಪ ಹಾಕಿದರು. ಅಲ್ಲಿ ಕೈ ಕೊಟ್ಟದ್ದು ನಿಧಾನ ಅಲ್ಲ. ಒಂದಾದ ಮೇಲೆ ಇಬ್ಬರು ಹೇಗೆ ಬದುಕುತ್ತಾರೆ ಎಂಬ ಕಥೆ ಬರೆಯುವವರ ಹತ್ತಿರ ಇರಲಿಲ್ಲ.

ಇನ್ನು ನಿಮ್ಮ ಹದಿನಾಲ್ಕನೇ ಕಂತು. ಅಲ್ಲಿ ನಾನು ಪೂರ್ತಿ ನಿಮ್ಮ ಪಕ್ಷ.

ಲೆಕ್ಕ ಹಾಕಿ. ಕಂತು ಹದಿನಾರು. ಒಂದೊಂದೂ ಒಂದು ಗಂಟೆಯ ಮೇಲೆ. ವಾರಕ್ಕೆ ಎರಡರಂತೆ ಎಂಟು ವಾರ. ಪ್ರೀತಿ ಹನ್ನೆರಡರಲ್ಲಿ ದಡ ಸೇರಿದರೆ ಇನ್ನೂ ನಾಲ್ಕು ಗಂಟೆ ಬಾಕಿ. ಆ ನಾಲ್ಕು ಗಂಟೆಗೆ ಏನಾದರೂ ಬೇಕು. ಹಳೇ ಅಪಘಾತದ ಗುಟ್ಟು, ಅಪ್ಪಂದಿರ ದ್ವೇಷ, ಕಾಯಿಲೆ, ಮರೆವು. ಅದೂ ಅಲ್ಲದಿದ್ದರೆ ‘ನಿನ್ನ ಒಳ್ಳೇದಕ್ಕೇ ದೂರ ಹೋಗ್ತಿದ್ದೀನಿ’ ಎಂಬ ತ್ಯಾಗ. ಈ ತ್ಯಾಗ ಕಂಡರೆ ನನಗೆ ಮೈ ಉರಿಯುತ್ತದೆ. ಎದುರಿಗಿರುವವಳನ್ನು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೊರಿಯಾದ ಪ್ರೇಕ್ಷಕರಿಗೂ ಇದು ಹೊಸದಲ್ಲ. ಇಂಥ ಕಂತನ್ನು ಅವರು ‘ಗೊಗುಮಾ’ ಎನ್ನುತ್ತಾರೆ, ಅಂದರೆ ಸಿಹಿಗೆಣಸು. ನೀರಿಲ್ಲದೆ ತಿಂದರೆ ಗಂಟಲಲ್ಲಿ ಕೂತುಬಿಡುತ್ತದಲ್ಲ, ಹಾಗೆ.

ಮೊದಲೆಲ್ಲ ಇದಕ್ಕೆ ಒಂದು ನೆಪ ಇತ್ತು. ಕೊರಿಯಾದಲ್ಲಿ ಬಹಳ ಕಾಲ ಸೀರಿಯಲ್ ಪ್ರಸಾರ ಆಗುತ್ತಿರುವಾಗಲೇ ಬರೆಯುತ್ತಿದ್ದರು, ಚಿತ್ರೀಕರಿಸುತ್ತಿದ್ದರು. ನಾಲ್ಕಾರು ಕಂತು ಕೈಯಲ್ಲಿಟ್ಟುಕೊಂಡು ಶುರು ಮಾಡಿದರೆ, ಕೊನೆ ಕೊನೆಗೆ ಅವತ್ತಿನ ದೃಶ್ಯದ ಹಾಳೆ ಅವತ್ತೇ ಸೆಟ್ಟಿಗೆ ಬರುತ್ತಿತ್ತು. 2011ರಲ್ಲಿ ‘ಸೈನ್’ ಎಂಬ ಸೀರಿಯಲ್‌ನ ಕೊನೇ ಕಂತು ಪ್ರಸಾರ ಆಗುತ್ತಿರುವಾಗ ತೆರೆಯ ಮೇಲೆ ಬಣ್ಣದ ಪಟ್ಟಿ ಕಾಣಿಸಿಕೊಂಡಿತು, ಧ್ವನಿ ಕೈಕೊಟ್ಟಿತು. 2017ರ ಡಿಸೆಂಬರ್‌ನಲ್ಲಿ ‘ಎ ಕೊರಿಯನ್ ಒಡಿಸ್ಸಿ’ಯ ಎರಡನೇ ಕಂತಿನಲ್ಲಿ ಗ್ರಾಫಿಕ್ಸ್ ಮುಗಿದೇ ಇರಲಿಲ್ಲ. ನಟರಿಗೆ ಕಟ್ಟಿದ ತಂತಿಗಳು ಕಾಣಿಸಿದವು. ಪ್ರಸಾರವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಗೆದ್ದರೆ ಇನ್ನೊಂದು ಕಷ್ಟ, ಎಳೆಯುವುದು. ‘ಮೈ ಲವ್ ಫ್ರಮ್ ದ ಸ್ಟಾರ್’ ಇಪ್ಪತ್ತಕ್ಕೆ ಮುಗಿಯಬೇಕಿತ್ತು, ಜನ ಮೆಚ್ಚಿದರು ಎಂದು ಇಪ್ಪತ್ತೊಂದಾಯಿತು. ನಿದ್ದೆಗೆಟ್ಟು ಬರೆಯುವವರಿಂದ ಹದವಾದ ಹದಿನಾಲ್ಕನೇ ಕಂತು ಹೇಗೆ ಬರಬೇಕು?

ನಾನೂ ಬಹಳ ದಿನ ಇದನ್ನೇ ಕಾರಣ ಎಂದುಕೊಂಡಿದ್ದೆ. ಆದರೆ 2016ರ ‘ಡಿಸೆಂಡೆಂಟ್ಸ್ ಆಫ್ ದ ಸನ್’ ಆ ನೆಪವನ್ನು ಕಿತ್ತುಕೊಂಡಿತು. ಚೀನಾದಲ್ಲೂ ಅದೇ ಹೊತ್ತಿಗೆ ತೋರಿಸಬೇಕಿತ್ತು. ಅಲ್ಲಿನ ಸೆನ್ಸಾರ್‌ಗೆ ಪೂರ್ತಿ ಸೀರಿಯಲ್ ಮೊದಲೇ ಬೇಕು. ಹಾಗಾಗಿ ಹದಿನಾರೂ ಕಂತು ಮುಗಿಸಿಕೊಂಡೇ ಪ್ರಸಾರ ಶುರು ಮಾಡಿದರು. ಬೇಕಾದಷ್ಟು ಸಮಯ ಇತ್ತು. ಆದರೂ ಕೊನೆಯಲ್ಲಿ ಆದದ್ದೇನು? ನಾಯಕ ಸತ್ತ ಎಂದು ಸುದ್ದಿ ಬರುತ್ತದೆ. ನಾಯಕಿ ಅಳುತ್ತಾಳೆ. ಒಂದು ವರ್ಷ ಹಾರುತ್ತದೆ. ಅಲ್ಬೇನಿಯಾದಲ್ಲಿ ನಾಯಕ ಮತ್ತೆ ಪ್ರತ್ಯಕ್ಷ! ಕೊನೇ ಕಂತಿಗೆ ಕೊರಿಯಾದಲ್ಲಿ ಸಿಕ್ಕ ರೇಟಿಂಗ್ ಶೇ. 38.8.

ಆ ಅಂಕಿಯನ್ನು ಇನ್ನೊಮ್ಮೆ ನೋಡಿ. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ ಎಂದು ನನಗೆ ಅನಿಸುತ್ತದೆ. ಮೂರನೇ ಕಂತು ಕೆಟ್ಟದಾಗಿದ್ದರೆ ನಾಲ್ಕನೆಯದಕ್ಕೆ ಜನ ಬರುವುದಿಲ್ಲ. ಮರುದಿನ ಬೆಳಿಗ್ಗೆ, ಎಷ್ಟು ಜನ ನೋಡಿದರು ಎಂದು ಅಳೆಯುವ ನೀಲ್ಸನ್ ಕೊರಿಯಾದ ಅಂಕಿ ಬಂದಾಗ ಚಾನೆಲ್‌ನವರಿಗೂ ಲೇಖಕರಿಗೂ ಅದು ತಟ್ಟುತ್ತದೆ. ಕೊನೇ ಕಂತು ಕೆಟ್ಟದಾದರೆ? ಕಳೆದುಕೊಳ್ಳಲು ಮುಂದಿನ ಕಂತೇ ಇಲ್ಲ. ಕೊನೆ ಏನಾಗುತ್ತದೋ ನೋಡೋಣ ಎಂದು ಎಲ್ಲರೂ ಬಂದು ಕೂತಿರುತ್ತಾರೆ. ಬೈಯುವುದು ಎಲ್ಲ ಮುಗಿದ ಮೇಲೆ. ಹಾಗಾಗಿ ಈ ಸೀರಿಯಲ್‌ಗಳ ಮೊದಲ ಎರಡು ಕಂತಿನಲ್ಲಿ ಕಾಣುವ ಶ್ರದ್ಧೆ ಕೊನೆಯ ಎರಡರಲ್ಲಿ ಕಾಣುವುದು ಅಪರೂಪ. ಬರೆಯುವವರಿಗೆ ಬರುವುದಿಲ್ಲ ಎಂದಲ್ಲ. ಕೊನೆಯನ್ನು ಕೆಡಿಸಿದರೆ ಅವರಿಗೆ ಜಾಸ್ತಿ ನಷ್ಟ ಇಲ್ಲ.

2024ರ ‘ಕ್ವೀನ್ ಆಫ್ ಟಿಯರ್ಸ್’ ತೆಗೆದುಕೊಳ್ಳಿ. ಮದುವೆಯಾಗಿ ಮೂರು ವರ್ಷವಾದ, ವಿಚ್ಛೇದನದ ಅಂಚಿನಲ್ಲಿರುವ ಗಂಡ ಹೆಂಡತಿ ಮತ್ತೆ ಪ್ರೀತಿಯಲ್ಲಿ ಬೀಳುವ ಕಥೆ. ಎಂಥ ಒಳ್ಳೆಯ ಎಳೆ! ಕೊನೆಗೆ ಬರುವ ಹೊತ್ತಿಗೆ ಜರ್ಮನಿಯಲ್ಲಿ ಆಪರೇಷನ್, ಹೆಂಡತಿಗೆ ಮರೆವು, ಗಂಡನಿಗೆ ಕಾರು ಡಿಕ್ಕಿ, ಅಪಹರಣ. ಬೈದವರು ಕಡಿಮೆ ಇಲ್ಲ. ಆದರೂ ಕೊನೇ ಕಂತು ಶೇ. 24.85 ಮುಟ್ಟಿತು. ಟಿವಿಎನ್ ಚಾನೆಲ್‌ನ ಅಲ್ಲಿಯವರೆಗಿನ ದಾಖಲೆಯೇ ಮುರಿಯಿತು. ಚಾನೆಲ್‌ನವರು ಇದರಿಂದ ಕಲಿಯುವ ಪಾಠ ಏನು, ನೀವೇ ಹೇಳಿ.

ನಡುವೆ ಜಾಹೀರಾತಿನ ಒಂದು ಮಾತು. ಅಲ್ಲಿನ ಎಸ್‌ಬಿಎಸ್, ಕೆಬಿಎಸ್, ಎಂಬಿಸಿಯಂಥ ದೊಡ್ಡ ಚಾನೆಲ್‌ಗಳು ಕಾರ್ಯಕ್ರಮದ ನಡುವೆ ಜಾಹೀರಾತು ಹಾಕುವಂತಿರಲಿಲ್ಲ. ಅದಕ್ಕೆ ಒಂದು ಗಂಟೆಯ ಕಂತನ್ನೇ ಎರಡು ತುಂಡು ಮಾಡಿ, ಎರಡು ಕಂತು ಎಂದು ಕರೆದು, ನಡುವೆ ಜಾಹೀರಾತು ತೂರಿಸಿದರು. ‘ಒನ್ ಸ್ಪ್ರಿಂಗ್ ನೈಟ್’ಗೆ 32 ಕಂತು ಎಂದು ಕೆಲವು ಕಡೆ ಕಾಣುವುದು ಅದಕ್ಕೇ. 2021ರ ಜುಲೈನಿಂದ ಆ ಅಡ್ಡಿಯೂ ಹೋಯಿತು. ಇದಲ್ಲದೆ ಕಥೆಯ ಒಳಗೇ ಸರಕು ತೋರಿಸುವುದಕ್ಕೆ 2010ರಿಂದ ಅನುಮತಿ ಇದೆ. ‘ಡಿಸೆಂಡೆಂಟ್ಸ್’ನಲ್ಲೇ ಎರಡನೇ ಜೋಡಿ, ಕಾರನ್ನು ತನ್ನಷ್ಟಕ್ಕೆ ಓಡಲು ಬಿಟ್ಟು ಮುತ್ತು ಕೊಡುವ ದೃಶ್ಯ ಇದೆಯಲ್ಲ! ಕೊರಿಯಾದವರೇ ನಕ್ಕರು. ಪ್ರೇಮಕಥೆ ನಿಂತಲ್ಲೇ ನಿಂತು, ಇಬ್ಬರೂ ಸ್ಯಾಂಡ್‌ವಿಚ್ ಅಂಗಡಿಯಲ್ಲಿ ಬಹಳ ಹೊತ್ತು ಕೂತರೆ ಆ ಹೊತ್ತಿಗೆ ಯಾರೋ ದುಡ್ಡು ಕೊಟ್ಟಿದ್ದಾರೆ ಎಂದು ತಿಳಿಯಿರಿ.

ಈಗ ನಿಮ್ಮ ಊಟ ಕೆಡಿಸಿದ ‘ಟ್ವೆಂಟಿ ಫೈವ್ ಟ್ವೆಂಟಿ ವನ್’. ಅದು ಮೋಸ ಅಲ್ಲ ಎಂದು ನನ್ನ ಅಭಿಪ್ರಾಯ. ಬೇಜಾರು ಮಾಡಿಕೊಳ್ಳಬೇಡಿ.

2022ರ ಆ ಕಥೆ ಶುರುವಾಗುವುದೇ ಮಗಳು ಅಮ್ಮನ ಹಳೇ ಡೈರಿ ಓದುವುದರಿಂದ. ಮಗಳ ಮನೆತನದ ಹೆಸರು ಕಿಮ್. ನಾಯಕನದು ಬೆಕ್. ಇವನು ಅವಳ ಅಪ್ಪ ಅಲ್ಲ ಎಂದು ಮೊದಲೇ ಸುಳಿವು ಕೊಟ್ಟಿದ್ದಾರೆ. ನಾವು ನಂಬಲಿಲ್ಲ. ಏನೋ ತಿರುವು ಇರುತ್ತದೆ, ಹೆಸರು ಬದಲಾಯಿಸಿರುತ್ತಾನೆ ಎಂದು ಕಾದೆವು. 1997ರ ಕೊನೆಗೆ ಬಂದ ಐಎಂಎಫ್ ಆರ್ಥಿಕ ಬಿಕ್ಕಟ್ಟಿನಲ್ಲಿ ಮನೆ ಮುಳುಗಿದ ಹುಡುಗ, ಅದೇ ಕಾರಣಕ್ಕೆ ಶಾಲೆಯ ಕತ್ತಿವರಸೆ ತಂಡ ಕಳೆದುಕೊಂಡ ಹುಡುಗಿ. ಅವನು ವರದಿಗಾರನಾಗಿ ನ್ಯೂಯಾರ್ಕ್‌ಗೆ ಹೋದ ಮೇಲೆ ಇಬ್ಬರ ನಡುವೆ ದೂರ ಬೆಳೆಯುತ್ತದೆ. ಇದಕ್ಕೆ ಖಳನಾಯಕ ಇಲ್ಲ, ಲಾರಿ ಇಲ್ಲ, ಮರೆವಿನ ಕಾಯಿಲೆ ಇಲ್ಲ. ಕೆಲಸ ಮತ್ತು ದಣಿವು ಇಬ್ಬರನ್ನು ಬೇರೆ ಮಾಡಿತು. ಇಂಥದ್ದು ಎಷ್ಟು ಮನೆಗಳಲ್ಲಿ ನಡೆದಿಲ್ಲ?

ನನ್ನ ತಕರಾರು ಬೇರೆ. ಆ ಹುಡುಗಿ, ಅಂದರೆ ಡೈರಿಯ ಅಮ್ಮ, ಆಮೇಲೆ ಮದುವೆಯಾದ ಗಂಡ ಯಾರು ಎಂದು ಕೊನೆಯವರೆಗೂ ತೋರಿಸುವುದಿಲ್ಲ. ಸಮುದ್ರದ ದಡಕ್ಕೆ ಹೋದ ಆ ಬೇಸಿಗೆಯ ಬಗ್ಗೆ ಮಗಳು ಕೇಳಿದರೆ ಅಮ್ಮ ‘ನೆನಪಿಲ್ಲ’ ಎನ್ನುತ್ತಾಳೆ. ನಮಗೆ ನೆನಪಿದೆ, ಅವಳಿಗೆ ಹೇಗೆ ಇಲ್ಲ? ಅಲ್ಲಿ ಲೇಖಕಿ ಕೈ ಜಾರಿದರು. ಬೇರೆಯಾಗುವುದನ್ನು ನಾನು ತಡೆದುಕೊಳ್ಳಬಲ್ಲೆ. ಅವಳ ಆಮೇಲಿನ ಬದುಕಿನ ಮುಖವನ್ನೇ ಮುಚ್ಚಿಟ್ಟದ್ದು ನನಗೆ ಹಿಡಿಸಲಿಲ್ಲ.

ಮೋಸ ಎಂದರೆ ಏನು ಎಂದು ನೋಡಬೇಕಾದರೆ 2004ಕ್ಕೆ ಹೋಗಿ. ‘ಲವರ್ಸ್ ಇನ್ ಪ್ಯಾರಿಸ್’ಗೆ ಕೊರಿಯಾದಲ್ಲಿ ಶೇ. 50ಕ್ಕೂ ಹೆಚ್ಚು ರೇಟಿಂಗ್ ಬಂದಿತ್ತು. ಇಪ್ಪತ್ತು ಕಂತು ಆ ಜೋಡಿಯ ಜತೆ ಅತ್ತು ನಕ್ಕ ಜನಕ್ಕೆ ಕೊನೆಯಲ್ಲಿ ಹೇಳಿದ್ದು, ಇದೆಲ್ಲ ಒಬ್ಬ ಹುಡುಗಿ ಬರೆದ ಚಿತ್ರಕಥೆ ಎಂದು. ದೊಡ್ಡ ಗಲಾಟೆಯೇ ಆಯಿತು. ಆಗಬೇಕಾದ್ದೇ. ಆ ಜೋಡಿ ಸತ್ತಿದ್ದರೆ ಅಳಬಹುದಿತ್ತು. ಅವರು ಇರಲೇ ಇಲ್ಲ ಎಂದರೆ ಏನು ಮಾಡುವುದು?

‘ಸ್ಟಾರ್ಟ್ ಅಪ್’ ಸೀರಿಯಲ್‌ನಲ್ಲಿ ನಾಯಕಿ ಯಾರಿಗೆ ಸಿಗಬೇಕಿತ್ತು ಎಂಬ ಜಗಳವೂ ಇದೇ ಜಾತಿಯದು. ನಿಮ್ಮ ಮಗಳು ಖಂಡಿತ ಹಾನ್ ಜಿ ಪ್ಯೋಂಗ್ ಪಕ್ಷದಲ್ಲಿ ಇರುತ್ತಾಳೆ. ಮೊದಲ ಕಂತಿನ ದೊಡ್ಡ ಪಾಲು ಅವನದೇ. ಅನಾಥ ಹುಡುಗ, ತಿಂಡಿ ಅಂಗಡಿಯ ಅಜ್ಜಿ, ಬೇರೊಬ್ಬನ ಹೆಸರಿನಲ್ಲಿ ಅವನು ಬರೆದ ಪತ್ರಗಳು. ಹೀಗೆ ಎದೆಯೊಳಗೆ ಕೂರಿಸಿದ ಮೇಲೆ, ಅವನು ಎರಡನೇ ನಾಯಕ, ಹುಡುಗಿ ಇನ್ನೊಬ್ಬನಿಗೆ ಎಂದರೆ ಜನ ಬಿಡುತ್ತಾರಾ? ಅಂತ್ಯ ತಪ್ಪಲ್ಲ. ಮೊದಲ ಕಂತು ಯಾರ ಕಥೆ ಎಂದು ನಮಗೆ ಹೇಳಿತೋ ಅದಕ್ಕೆ ಆ ಅಂತ್ಯ ಹೊಂದಲಿಲ್ಲ.

ಹೊಂದುವ ಅಂತ್ಯಕ್ಕೆ ಉದಾಹರಣೆ ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯೂ’. ಅವನು ಉತ್ತರ ಕೊರಿಯಾದ ಸೈನಿಕ, ಅವಳು ದಕ್ಷಿಣದ ಶ್ರೀಮಂತೆ. ನಡುವೆ ಇರುವ ಗಡಿಯನ್ನು ಯಾವ ಲೇಖಕಿಯೂ ಅಳಿಸಲಾರರು. ಅದಕ್ಕೆ ಸ್ವಿಟ್ಜರ್ಲೆಂಡಿನಲ್ಲಿ ವರ್ಷಕ್ಕೆ ಎರಡು ವಾರ ಒಟ್ಟಿಗೆ ಇರುತ್ತಾರೆ. ಅಷ್ಟೇ. ಸುಮ್ನೆ ಎರಡು ದೇಶ ಒಂದಾಯಿತು ಎಂದು ಬರೆಯಲಿಲ್ಲವಲ್ಲ, ಅದಕ್ಕೆ ನನಗೆ ಇಷ್ಟ.

ಬೇರೆ ದೇಶಗಳಿಗೆ ಓಡಿದರೆ ನೆಮ್ಮದಿ ಸಿಗುತ್ತದೆ ಎಂದುಕೊಳ್ಳಬೇಡಿ. ಚೀನಾದ ಸೀರಿಯಲ್ ಐವತ್ತು, ಎಪ್ಪತ್ತು ಕಂತು ಹೋಗುತ್ತಿದ್ದವು. 2020ರಲ್ಲಿ ಅಲ್ಲಿನ ಸರ್ಕಾರವೇ ನಲವತ್ತು ದಾಟಬಾರದು ಎಂದು ಹೇಳಬೇಕಾಯಿತು. ಜಪಾನಿನವು ಹತ್ತು ಹನ್ನೊಂದಕ್ಕೆ ಮುಗಿಯುತ್ತವೆ. ನಿಮ್ಮ ಸ್ವಭಾವಕ್ಕೆ ಅವೇ ಸರಿ ಅನಿಸುತ್ತದೆ. ಕೊರಿಯಾದಲ್ಲೂ ಈಗ ಹನ್ನೆರಡರವು ಹೆಚ್ಚುತ್ತಿವೆ. ಆದರೆ ಹನ್ನೆರಡೇ ಕಂತಿನ ‘ಬಿಸಿನೆಸ್ ಪ್ರಪೋಸಲ್’ ಕೂಡ ಕೊನೆಯಲ್ಲಿ ನಾಯಕನನ್ನು ಅಮೆರಿಕಕ್ಕೆ ಕಳಿಸಿ, ಒಂದು ವರ್ಷ ಹಾರಿಸದೆ ಬಿಡಲಿಲ್ಲ. ಹಳೇ ಚಾಳಿ, ಬಿಡುವುದು ಕಷ್ಟ.

ಎರಡನೇ ಭಾಗದ ಆಸೆ ಬಿಡಿ. ಕೊರಿಯಾದ ಪ್ರೇಮಕಥೆಗಳಿಗೆ ಅದು ಬರುವುದು ತೀರಾ ಕಡಿಮೆ. 2016ರಲ್ಲಿ ಮುಗಿದ ‘ಸ್ಕಾರ್ಲೆಟ್ ಹಾರ್ಟ್ ರ್‍ಯೋ’ಗೆ ಇನ್ನೊಂದು ಭಾಗ ಕೊಡಿ ಎಂದು ಜನ ವರ್ಷಗಟ್ಟಲೆ ಕೇಳಿದರು.

ಅದರ ಬದಲು 2005ರ ‘ಮೈ ಲವ್ಲಿ ಸ್ಯಾಮ್ ಸೂನ್’ ನೋಡಿ. ಕೇಕು ಮಾಡುವ, ಬಾಯಿ ಜೋರಿನ ಹೆಣ್ಣಿನ ಕಥೆ. ಕೊನೆಯಲ್ಲಿ ಅವಳಿಗೆ ಮದುವೆಯಾಗಿರುವುದಿಲ್ಲ. ಹುಡುಗನ ಅಮ್ಮ ಇನ್ನೂ ಒಪ್ಪಿರುವುದಿಲ್ಲ. ಮುಂದೆ ನಾವು ಬೇರೆಯಾದರೂ ಆಗಬಹುದು ಎಂದು ಅವಳೇ ಹೇಳುತ್ತಾಳೆ. ಆದರೂ ಇಬ್ಬರೂ ನಾಮ್ಸಾನ್ ಬೆಟ್ಟದ ಮೆಟ್ಟಿಲ ಮೇಲೆ ಖುಷಿಯಾಗಿ ಇರುತ್ತಾರೆ, ನಮಗೂ ಸಮಾಧಾನ ಇರುತ್ತದೆ. 2024ರಲ್ಲಿ ಅದರ ನಿರ್ದೇಶಕರೇ ಹದಿನಾರು ಕಂತನ್ನು ಕತ್ತರಿಸಿ ಎಂಟಕ್ಕೆ ಇಳಿಸಿದ್ದಾರೆ. ಇಂದಿನವರಿಗೆ ಹಳೇ ವೇಗ ಸಾಲದು ಎಂದು ಅವರಿಗೂ ಅನಿಸಿದೆ ಅನ್ನಿ. ಈ ಒಂದು ಅಂಶ ನಿಮ್ಮ ಕಡೆಗೆ ಬಿಟ್ಟುಕೊಡುತ್ತೇನೆ. ಆದರೂ ಸಿಕ್ಕರೆ ಹದಿನಾರರದ್ದನ್ನೇ ನೋಡಿ.

– ಸಂ.