ಬ್ರಿಟಿಷರ ‘ಅಡ್ಡಿಲ್ಲ’ದಲ್ಲಿ ಅಮೆರಿಕ

(ಮೊದಲ ಪ್ರಶ್ನೆ ಹೋದ ಸಂಚಿಕೆಯಲ್ಲೇ ಪ್ರಕಟವಾಗಿತ್ತು. ಉಳಿದವು ಅದನ್ನು ಓದಿದವರು ಕಳಿಸಿದ್ದು.)

ಪ್ರಶ್ನೆ: ಮೇಡಂ, ನನ್ನ ಮಗ ಆರು ವರ್ಷದಿಂದ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾನೆ. ಈಗ ಕಂಪನಿಯವರು ಅಮೆರಿಕಕ್ಕೆ ಕಳಿಸುತ್ತಾರಂತೆ. ಆಫೀಸಿನ ಬ್ರಿಟಿಷ್ ಗೆಳೆಯರು “ಅಯ್ಯೋ, ಅಲ್ಲಿಗಾ?” ಅಂತ ನಗುತ್ತಾರಂತೆ. ಅಮೆರಿಕದವರದ್ದು ಗಲಾಟೆ ಜಾಸ್ತಿ, ಜಂಬ ಜಾಸ್ತಿ ಅಂತೆಲ್ಲ ಹೇಳಿ ಅವನ ಮನಸ್ಸು ಕೆಡಿಸಿದ್ದಾರೆ. ನೀವು ಇಂಗ್ಲೆಂಡಿನಲ್ಲಿ ಇದ್ದು ಬಂದವರು. ಅಮೆರಿಕದ್ದು ಏನೂ ಅವರಿಗೆ ಹಿಡಿಸುವುದೇ ಇಲ್ವಾ?
– ಓದುಗರೊಬ್ಬರು, ಕೋಣಂದೂರು

ಉತ್ತರ: ಹಿಡಿಸುತ್ತದೆ. ತುಂಬಾ ಹಿಡಿಸುತ್ತದೆ. ಆದರೆ ಅವರು ಅದನ್ನು ಹೇಳುವ ರೀತಿ ನಮ್ಮ ಮಲೆನಾಡಿನವರ ಥರ. ನಮ್ಮಲ್ಲಿ ನೆಂಟರು ಮೂರು ಸಲ ಹಾಕಿಸಿಕೊಂಡು ಉಂಡರೂ, “ತಂಬುಳಿ ಹೇಗಿತ್ತು?” ಅಂದರೆ “ಅಡ್ಡಿಲ್ಲ” ಅನ್ನುತ್ತಾರೆ. ಅದರೊಳಗೆ ಎಷ್ಟು ಮೆಚ್ಚುಗೆ ಇದೆ ಅಂತ ಬಡಿಸಿದವರಿಗೆ ಗೊತ್ತು. ಬ್ರಿಟಿಷರ “ನಾಟ್ ಬ್ಯಾಡ್” ಕೂಡ ಅಂಥದ್ದೇ ಮಾತು. ಅಮೆರಿಕದವರು ಹಾಗಲ್ಲ. ಚೆನ್ನಾಗಿದ್ದರೆ ಚೆನ್ನಾಗಿದೆ ಅಂತ ಬಾಯಿತುಂಬ ಹೇಳುತ್ತಾರೆ. ಬ್ರಿಟಿಷರು ನಗುವುದು ಅದಕ್ಕೇ. ಒಳಗೊಳಗೆ ಆಸೆಪಡುವುದೂ ಅದಕ್ಕೇ.

2012ರಲ್ಲಿ ಮಗಳ ಬಾಣಂತನಕ್ಕೆ ಹೋಗಿ ನಾನು ಮ್ಯಾಂಚೆಸ್ಟರಿನಲ್ಲಿ ಆರು ತಿಂಗಳು ಇದ್ದೆ. ಪಕ್ಕದ ಮನೆಯಲ್ಲಿ ಅರವತ್ತು ದಾಟಿದ ಒಬ್ಬರಿದ್ದರು. ಬದುಕಿಡೀ ಸಿಟಿ ಬಸ್ ಓಡಿಸಿದವರು. ಮೊದಲ ಒಂದು ತಿಂಗಳು ಮಳೆ ಬಿಟ್ಟು ಬೇರೆ ಮಾತೇ ಇಲ್ಲ. ತೀರ್ಥಹಳ್ಳಿಯಲ್ಲಿ ಹುಟ್ಟಿದ ನನಗೆ ಮಳೆಯ ಮಾತಿಗೆ ಬರವಿಲ್ಲ. ಹಾಗೇ ಪರಿಚಯ ಬೆಳೆಯಿತು.

ಒಂದು ದಿನ ಬೇಲಿಯ ಆಚೆ ನಿಂತು ಅವರು ಷಿಕಾಗೋಗೆ ಹೋಗಿದ್ದರ ಕಥೆ ಹೇಳಿದರು. ಹರೆಯದಲ್ಲಿ, ಚಿಕ್ಕಪ್ಪನ ಮಗನ ಮನೆಗೆ ಹೋಗಿದ್ದಂತೆ. “ಅಲ್ಲಿ ನಾನು ಬಾಯಿ ತೆರೆದರೆ ಸಾಕು, ಇಂಗ್ಲೆಂಡಿನವನು ಅಂತ ಎಲ್ಲರಿಗೂ ಖುಷಿ. ಯಾವ ಥರದ ಇಂಗ್ಲೆಂಡಿನವನು ಅಂತ ಒಬ್ಬರಿಗೂ ಗೊತ್ತಾಗಲಿಲ್ಲ” ಅಂದರು.

ಈ ಮಾತಿನ ತೂಕ ನನಗೆ ತಿಳಿಯಲು ಸ್ವಲ್ಪ ದಿನ ಬೇಕಾಯಿತು. ನಮ್ಮಲ್ಲಿ ಬಸ್ಸಿನಲ್ಲಿ ಪಕ್ಕ ಕೂತವರು “ಯಾವೂರಾಯ್ತು? ಯಾರ ಪೈಕಿ?” ಅಂತ ಕೇಳುತ್ತಾರಲ್ಲ, ಇಂಗ್ಲೆಂಡಿನಲ್ಲಿ ಕೇಳುವುದೇ ಬೇಡ. ಎರಡು ವಾಕ್ಯ ಮಾತಾಡಿದರೆ ಸಾಕು. ಯಾವ ಊರು, ಎಂಥ ಶಾಲೆ, ಅಪ್ಪ ಏನು ಕೆಲಸ ಮಾಡುತ್ತಿದ್ದ, ಎಲ್ಲ ಉಚ್ಚಾರದಲ್ಲೇ ಗೊತ್ತಾಗಿಬಿಡುತ್ತದೆ. ಷಿಕಾಗೋದಲ್ಲಿ ಆ ಲೆಕ್ಕ ಹಾಕದೆ ಅಂಗಡಿಯವರು, ಬ್ಯಾಂಕಿನವರು ಕೈಕುಲುಕಿ ಹೆಸರು ಹಿಡಿದು ಮಾತಾಡಿಸಿದ್ದು ಅವರಿಗೆ ಇಷ್ಟು ವರ್ಷವಾದರೂ ಮರೆತಿರಲಿಲ್ಲ. ಕಂಡವರನ್ನು ನಕ್ಕು ಮಾತಾಡಿಸುವುದು ಬರೀ ವ್ಯಾಪಾರದ ನಗು ಅಂತ ಎಷ್ಟೋ ಬ್ರಿಟಿಷರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಆ ನಗುವಿನಿಂದ ಬಸ್ ಡ್ರೈವರ್ ಒಬ್ಬರು ಜೀವನದಲ್ಲಿ ಮೊದಲ ಸಲ ನೆಟ್ಟಗೆ ನಿಂತುಕೊಂಡರು. ಅದು ಸಣ್ಣ ಸಂಗತಿಯಲ್ಲ.

ಸೋತರೂ ಮತ್ತೆ ಶುರು ಮಾಡುವ ಅಮೆರಿಕದವರ ಧೈರ್ಯವೂ ಬ್ರಿಟಿಷರಿಗೆ ಹಿಡಿಸುತ್ತದೆ. ನಮ್ಮೂರಲ್ಲಿ ಹೋಂಸ್ಟೇ ಮಾಡಿ ಕೈಸುಟ್ಟುಕೊಂಡವನ ಬಗ್ಗೆ ಹತ್ತು ವರ್ಷ ಮಾತಾಡುತ್ತೇವೆ. ಬ್ರಿಟನ್ನಿನಲ್ಲೂ ಹೆಚ್ಚುಕಡಿಮೆ ಹಾಗೆಯೇ. ಅಮೆರಿಕದಲ್ಲಿ ಒಂದು ಅಂಗಡಿ ಮುಚ್ಚಿದವನು ಇನ್ನೊಂದು ತೆರೆದರೆ ಯಾರೂ ಹುಬ್ಬೇರಿಸುವುದಿಲ್ಲ.

ಆಂಡ್ರ್ಯೂ ಕಾರ್ನೆಗಿಯ ಹೆಸರು ಕೇಳಿರಬಹುದು. ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್ ಊರಿನ ಕೈಮಗ್ಗದ ನೇಕಾರನ ಮಗ. ಯಂತ್ರದ ಮಗ್ಗಗಳು ಬಂದು ಅಪ್ಪನ ಕೆಲಸ ಹೋಯಿತು. 1848ರಲ್ಲಿ ಮನೆಮಂದಿಯೆಲ್ಲ ಅಮೆರಿಕಕ್ಕೆ ಹೊರಟರು. ಹುಡುಗ ಹತ್ತಿ ಗಿರಣಿಯಲ್ಲಿ ದುಡಿದು, ಕೊನೆಗೆ ಉಕ್ಕಿನ ವ್ಯಾಪಾರದಲ್ಲಿ ಆ ದೇಶದ ದೊಡ್ಡ ಶ್ರೀಮಂತನಾದ. ಅವನ ಕಾರ್ಖಾನೆಗಳಲ್ಲಿ ಕೆಲಸಗಾರರಿಗೆ ಕಷ್ಟವಿತ್ತು, ಅದನ್ನೂ ಹೇಳಬೇಕು. ಆದರೆ ಅದೇ ಹಣದಲ್ಲಿ ಹುಟ್ಟಿದೂರಿಗೆ ಮೊದಲು ಒಂದು ಗ್ರಂಥಾಲಯ ಕಟ್ಟಿಸಿಕೊಟ್ಟ. ಅದು ತೆರೆದದ್ದು 1883ರಲ್ಲಿ. ಮುಂದೆ ಬ್ರಿಟನ್, ಐರ್ಲೆಂಡ್ ಸೇರಿ ಸುಮಾರು 660 ಗ್ರಂಥಾಲಯಗಳು ಅವನ ಹಣದಲ್ಲಿ ಎದ್ದವು. ಗಳಿಸಿದ್ದನ್ನು ಊರಿಗೆ ಕೊಡುವ ಈ ಅಮೆರಿಕದ ಪದ್ಧತಿಯನ್ನು ಬ್ರಿಟಿಷರು ಮನಸಾರೆ ಮೆಚ್ಚುತ್ತಾರೆ.

ನಿಮ್ಮ ಮಗನಿಗೆ ಧೈರ್ಯ ಹೇಳಿ ಕಳಿಸಿ ಅಮ್ಮಾ. ನಗುವವರಲ್ಲಿ ಅರ್ಧ ಜನ ತಮಗೆ ಆ ಅವಕಾಶ ಬಂದಿದ್ದರೆ ಸುಮ್ನೆ ಕೂರುತ್ತಿರಲಿಲ್ಲ.

ಪ್ರಶ್ನೆ: ಕರಿಯ ಜನರನ್ನು ಅಷ್ಟು ಕಾಲ ಕೀಳಾಗಿ ನಡೆಸಿಕೊಂಡ ದೇಶವನ್ನು ಮೆಚ್ಚುವುದು ಹೇಗೆ ಸಾಧ್ಯ?
– ಬಿ.ಎ. ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಸರಿಯಾಗಿ ಕೇಳಿದೆ ಮಗಳೇ. ಬ್ರಿಟಿಷರು ಅಮೆರಿಕದಲ್ಲಿ ಅತಿ ಹೆಚ್ಚು ಪ್ರೀತಿಸಿದ್ದು ಅಲ್ಲಿಯ ಸಂಗೀತವನ್ನು. ಆ ಸಂಗೀತ ಕೊಟ್ಟವರು ಅಲ್ಲಿ ಅತಿ ಹೆಚ್ಚು ಅವಮಾನ ಉಂಡ ಜನ.

ನಮ್ಮ ಬಸ್ ಡ್ರೈವರ್ ಒಂದು ಸಂಜೆ ನನ್ನನ್ನೂ ಮೊಮ್ಮಗುವಿನ ತಳ್ಳುಗಾಡಿಯನ್ನೂ ಕರೆದುಕೊಂಡು ಒಂದು ಸೈಕಲ್ ದಾರಿಗೆ ಹೋದರು. ಹಿಂದೆ ಅದು ರೈಲು ದಾರಿ. ಹಳಿ ಕಿತ್ತಿದ್ದಾರೆ, ಎರಡೂ ಕಡೆ ಮರ ಬೆಳೆದಿದೆ. ಅಲ್ಲಿ ವಿಲ್‌ಬ್ರಹಾಮ್ ರೋಡ್ ಅಂತ ಒಂದು ಸ್ಟೇಷನ್ ಇತ್ತು. ಅದು ಮುಚ್ಚಿದ ಮೇಲೆ, 1964ರ ಮೇ ತಿಂಗಳಲ್ಲಿ, ಗ್ರನಾಡಾ ಟಿವಿಯವರು ಅಲ್ಲೇ ಒಂದು ಸಂಗೀತ ಕಛೇರಿ ಇಟ್ಟರು. ಪಾಳುಬಿದ್ದ ಸ್ಟೇಷನ್ನನ್ನು ಅಮೆರಿಕದ ದಕ್ಷಿಣದ ಹಳ್ಳಿ ಸ್ಟೇಷನ್ನಿನ ಹಾಗೆ ಸಿಂಗರಿಸಿದರು. ಒಂದು ಪ್ಲಾಟ್‌ಫಾರಂ ಮೇಲೆ ಕೇಳುಗರು, ಎದುರಿನ ಪ್ಲಾಟ್‌ಫಾರಂ ಮೇಲೆ ಹಾಡುಗಾರರು, ನಡುವೆ ಹಳಿ.

ಸಿಸ್ಟರ್ ರೊಸೆಟಾ ಥಾರ್ಪ್ ಬಂದರು. ಅರ್ಕನ್ಸಾದಲ್ಲಿ ಹುಟ್ಟಿದ ಕರಿಯ ಹೆಂಗಸು. ಚರ್ಚಿನ ಭಜನೆಯನ್ನು ಎಲೆಕ್ಟ್ರಿಕ್ ಗಿಟಾರಿನಲ್ಲಿ ಗುಡುಗಿಸಿದವರು. ಅವತ್ತು ಮ್ಯಾಂಚೆಸ್ಟರಿನಲ್ಲಿ ಜೋರು ಮಳೆ. ಆಕೆ ಕುದುರೆಗಾಡಿಯಿಂದ ಇಳಿದು, ಕೋಟು ಹಾಕಿಕೊಂಡೇ, ಒದ್ದೆ ಪ್ಲಾಟ್‌ಫಾರಂ ಮೇಲೆ ನಡೆದು ಬಂದು ಗಿಟಾರ್ ಕೊರಳಿಗೆ ಹಾಕಿಕೊಂಡರು. ಮೊದಲು ಎತ್ತಿಕೊಂಡದ್ದೇ ಮಳೆಯ ಹಾಡು. ಆಚೆ ಕೂತ ಹುಡುಗ ಹುಡುಗಿಯರು ಚಪ್ಪಾಳೆ ತಟ್ಟಿದರು. ನಮ್ಮ ಡ್ರೈವರ್‌ಗೆ ಆಗ 14 ವರ್ಷ. ಅವರು ನೋಡಿದ್ದು ಮನೆಯ ಟಿವಿಯಲ್ಲಿ. “ಕರಿಯ ಹೆಂಗಸೊಬ್ಬಳು ಅಷ್ಟು ಧೈರ್ಯದಿಂದ ನಿಂತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನಮ್ಮ ಮಳೆಯನ್ನೇ ನಮಗೆ ಹಾಡಿ ತೋರಿಸಿದಳು” ಅಂದರು. ಹೇಳುವಾಗ ಎರಡು ಬೆರಳಿನಿಂದ ತಳ್ಳುಗಾಡಿಯ ಹಿಡಿಯ ಮೇಲೆ ತಾಳ ಹಾಕುತ್ತಿದ್ದರು. ಮಗು ಮಲಗಿಬಿಟ್ಟಿತ್ತು.

ಆಕೆಯ ಸ್ವಂತ ದೇಶದಲ್ಲಿ ಹೋಟೆಲು, ಚಿತ್ರಮಂದಿರಗಳಲ್ಲಿ ಬಣ್ಣ ನೋಡಿ ಹೊರಗಿಡುವುದನ್ನು ನಿಷೇಧಿಸುವ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಬಿದ್ದದ್ದು 1964ರ ಜುಲೈ 2ರಂದು. ಆ ಮಳೆಯ ಹಾಡಿಗೂ ಈ ಸಹಿಗೂ ನಡುವೆ ಎರಡು ತಿಂಗಳೂ ಇಲ್ಲ.

ಬ್ರಿಟಿಷ್ ಹುಡುಗರು ಈ ಸಂಗೀತ ಕಲಿತು, ಅದನ್ನೇ ಅಮೆರಿಕಕ್ಕೆ ತಿರುಗಿ ಒಯ್ದರು. ಅಂಥ ಹುಡುಗರ ರೋಲಿಂಗ್ ಸ್ಟೋನ್ಸ್ ತಂಡದ ಹೆಸರು ಬಂದದ್ದೇ ಅಮೆರಿಕದ ಕರಿಯ ಹಾಡುಗಾರ ಮಡ್ಡಿ ವಾಟರ್ಸ್ ಅವರ ಹಾಡಿನಿಂದ. 1965ರಲ್ಲಿ ಅಮೆರಿಕದ ಟಿವಿಯವರು ಕರೆದಾಗ, ಇನ್ನೊಬ್ಬ ಕರಿಯ ಹಾಡುಗಾರ ಹೌಲಿನ್ ವುಲ್ಫ್ ಅವರನ್ನೂ ಕರೆಸಬೇಕು ಅಂತ ಈ ತಂಡ ಪಟ್ಟುಹಿಡಿಯಿತು. ಅವರು ಹಾಡುವಾಗ ಈ ಹುಡುಗರು ಕಾಲಬುಡದಲ್ಲಿ ಕೂತು ಕೇಳಿದರು. ಮೆಚ್ಚುಗೆ ಅಂದರೆ ಇದು ಅಂತ ನನಗೆ ಅನ್ನಿಸುತ್ತದೆ.

ಹಾಗಂತ ಬ್ರಿಟನ್ ಏನೂ ಚೊಕ್ಕ ಇರಲಿಲ್ಲ. ಬ್ರಿಸ್ಟಲ್ ನಗರದ ಬಸ್ಸುಗಳಲ್ಲಿ ಕರಿಯರನ್ನೂ ಏಷ್ಯಾದವರನ್ನೂ ಡ್ರೈವರ್, ಕಂಡಕ್ಟರ್ ಕೆಲಸಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. 1963ರಲ್ಲಿ ಅಲ್ಲಿಯ ಕರಿಯರು ಬಸ್ ಹತ್ತದೆ ಬಹಿಷ್ಕಾರ ಹಾಕಿದರು. ದಾರಿ ತೋರಿಸಿದ್ದು 1955ರಲ್ಲಿ ಅಮೆರಿಕದ ಮಾಂಟ್‌ಗೊಮೆರಿಯಲ್ಲಿ ಶುರುವಾದ ಬಸ್ ಬಹಿಷ್ಕಾರ. ಬ್ರಿಸ್ಟಲ್ಲಿನಲ್ಲಿ ಆ ನಿರ್ಬಂಧ ತೆಗೆಯುತ್ತೇವೆ ಅಂತ ಘೋಷಿಸಿದ್ದು ಆಗಸ್ಟ್ 28ರಂದು. ಅದೇ ದಿನ ವಾಷಿಂಗ್ಟನ್ನಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಕನಸಿನ ಭಾಷಣ ಮಾಡಿದರು. ಬ್ರಿಸ್ಟಲ್ಲಿನಲ್ಲಿ ಮೊದಲು ಕೆಲಸಕ್ಕೆ ಸೇರಿದ ಕಂಡಕ್ಟರ್ ಒಬ್ಬ ಸಿಖ್ಖರು. ಅಮೆರಿಕದ ಅನ್ಯಾಯವನ್ನಲ್ಲ, ಅನ್ಯಾಯದ ಎದುರು ನಿಂತ ಅಮೆರಿಕದವರನ್ನು ಬ್ರಿಸ್ಟಲ್ಲಿನ ಹೋರಾಟಗಾರರು ಮೆಚ್ಚಿದರು.

ಪ್ರಶ್ನೆ: ಬ್ರಿಟನ್ನಿನಲ್ಲೂ ಬೆಟ್ಟ, ಕಾಡು, ನದಿ ಇದೆ. ಅಮೆರಿಕದ ಕಾಡು ನೋಡಲು ಯಾಕೆ ಅಷ್ಟು ಜನ ಹೋಗುತ್ತಾರೆ?
– ಅಡಿಕೆ ಬೆಳೆಗಾರರು, ಹೊಸನಗರ

ಉತ್ತರ: ಜಾಗ ಸಾರ್, ಜಾಗ. ಇಡೀ ಬ್ರಿಟನ್ ನಮ್ಮ ಕರ್ನಾಟಕಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ಅಮೆರಿಕ ಅದರ ಸುಮಾರು 40 ಪಟ್ಟು. ಬೆಳಗ್ಗೆಯಿಂದ ಸಂಜೆವರೆಗೆ ಕಾರು ಓಡಿಸಿದರೂ ಅದೇ ರಾಜ್ಯ ಮುಗಿಯದೆ ಇರುವುದು ಅವರಿಗೆ ದೊಡ್ಡ ಬೆರಗು.

ಇನ್ನೂ ಒಂದಿದೆ. ಯೆಲ್ಲೊಸ್ಟೋನನ್ನು ರಾಷ್ಟ್ರೀಯ ಉದ್ಯಾನ ಅಂತ ಅಮೆರಿಕ ಕಾಪಾಡಲು ಶುರುಮಾಡಿದ್ದು 1872ರಲ್ಲಿ. ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನ, ಮ್ಯಾಂಚೆಸ್ಟರ್ ಪಕ್ಕದ ಪೀಕ್ ಡಿಸ್ಟ್ರಿಕ್ಟ್, ಬಂದದ್ದು 1951ರಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಾಡನ್ನು ಉಳಿಸಲು ಹೋರಾಡಿದ ಜಾನ್ ಮ್ಯೂರ್ ಹುಟ್ಟಿದ್ದು ಸ್ಕಾಟ್ಲೆಂಡಿನ ಡನ್‌ಬಾರ್‌ನಲ್ಲಿ. ನಮ್ಮ ಹುಡುಗ ಅಲ್ಲಿ ಹೋಗಿ ಕಾಡು ಉಳಿಸಿದ ಅಂತ ಅವರಿಗೆ ಅಭಿಮಾನ.

ಆದರೆ ಪೀಕ್ ಡಿಸ್ಟ್ರಿಕ್ಟಿನಲ್ಲಿ ಹಳ್ಳಿಗಳಿವೆ, ಕುರಿ ಸಾಕುವವರಿದ್ದಾರೆ. ಯೊಸೆಮಿಟಿಯ ಕಣಿವೆಯಲ್ಲಿ ಮೊದಲಿದ್ದ ಮೂಲನಿವಾಸಿಗಳನ್ನು ಓಡಿಸಿದ್ದರು. ಶರಾವತಿ ಮುಳುಗಡೆಯಲ್ಲಿ ನನ್ನ ತಾಯಿಯ ತವರುಮನೆಯೂ ಹೋಯಿತು. ಹಾಗಾಗಿ ಜನರಿಲ್ಲದ ಸುಂದರ ಜಾಗದ ಫೋಟೊ ನೋಡಿದಾಗ, ಮೊದಲು ಇಲ್ಲಿ ಯಾರ ಮನೆ ಇತ್ತು ಅಂತ ನನಗೆ ಅನ್ನಿಸಿಯೇ ಅನ್ನಿಸುತ್ತದೆ. ನಿಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಶ್ನೆ: ಬ್ರಿಟಿಷರು ತಮಗೆ ಬೇಡವೇ ಬೇಡ ಅನ್ನುವ ಅಮೆರಿಕದ ಸಂಗತಿ ಯಾವುದು?
– ಓದುಗರು, ಸಾಗರ

ಉತ್ತರ: ಎರಡು. ಬಂದೂಕು, ಆಸ್ಪತ್ರೆ ಬಿಲ್ಲು. 1948ರಿಂದ ಅವರಿಗೆ ಸರ್ಕಾರಿ ಆರೋಗ್ಯ ಸೇವೆ ಇದೆ. ನನ್ನ ಮಗಳ ಹೆರಿಗೆಯೂ ಅದರಲ್ಲೇ ಆಯಿತು. ಈ ವಿಷಯಕ್ಕೆ ಬಂದರೆ ಅವರು “ಅಡ್ಡಿಲ್ಲ” ಅನ್ನುವುದಿಲ್ಲ. ದನಿ ಏರಿಸಿಯೇ ಮಾತಾಡುತ್ತಾರೆ.

ಪ್ರಶ್ನೆ: ಅಮೆರಿಕವನ್ನು ಪ್ರೀತಿಯಿಂದ ನೋಡಿದ ಬ್ರಿಟಿಷರು ಯಾರಾದರೂ ಇದ್ದರೆ ಹೇಳಿ. ಮಗನಿಗೆ ತಿಳಿಸುತ್ತೇನೆ.
– ಮತ್ತೆ ಅದೇ ಓದುಗರು, ಕೋಣಂದೂರು

ಉತ್ತರ: ಅಲಿಸ್ಟರ್ ಕುಕ್. ಹುಟ್ಟಿದ್ದು 1908ರಲ್ಲಿ, ಮ್ಯಾಂಚೆಸ್ಟರಿಗೆ ಅಂಟಿಕೊಂಡಿರುವ ಸಾಲ್ಫರ್ಡ್‌ನಲ್ಲಿ. ಓದಲು ಅಮೆರಿಕಕ್ಕೆ ಹೋಗಿ, 1941ರಲ್ಲಿ ಅಲ್ಲಿಯ ಪ್ರಜೆಯೇ ಆದರು. 1946ರಿಂದ 2004ರವರೆಗೆ ಬಿಬಿಸಿ ರೇಡಿಯೊದಲ್ಲಿ ‘ಲೆಟರ್ ಫ್ರಂ ಅಮೆರಿಕ’ ಅಂತ ಮಾತಾಡಿದರು. ಒಟ್ಟು 2,869 ಕಂತು. ಸಾಯುವ ತಿಂಗಳ ಹಿಂದೆಯಷ್ಟೇ ನಿಲ್ಲಿಸಿದ್ದು.

ನನ್ನ ಅಪ್ಪ ಅದನ್ನು ಟ್ರಾನ್ಸಿಸ್ಟರಿನಲ್ಲಿ ಕೇಳುತ್ತಿದ್ದರು. ಆಷಾಢದಲ್ಲಿ ಹಂಚಿನ ಮೇಲೆ ಮಳೆ ಸುರಿಯುವ ಸದ್ದಿಗೆ ಏನೂ ಕೇಳುತ್ತಿರಲಿಲ್ಲ. ಕಂಬಳಿ ಹೊದ್ದು, ರೇಡಿಯೊವನ್ನು ಕಂಬಳಿಯೊಳಗೆ ಕಿವಿಗೆ ಒತ್ತಿಕೊಂಡು ಕೂರುತ್ತಿದ್ದರು. ನನಗೂ ಒಂದು ಅಂಚು ಎತ್ತಿ ಜಾಗ ಕೊಡುತ್ತಿದ್ದರು. ಆ ಮನುಷ್ಯ ಕೂಗುತ್ತಿರಲಿಲ್ಲ. ಅಲ್ಲಿಯ ಜನ ಹೀಗೆ ಬದುಕುತ್ತಾರೆ ನೋಡಿ ಅಂತ ಜಗಲಿಯಲ್ಲಿ ಕೂತು ಹೇಳುವ ಹಾಗೆ ಹೇಳುತ್ತಿದ್ದರು. ನಾನು ಇಂಗ್ಲಿಷ್ ಮೇಷ್ಟರಾಗಲು ಕಾರಣ ಆ ಕಂಬಳಿಯ ಅಂಚು.

ನೂರಾರು ಕಂತುಗಳು ಬಿಬಿಸಿಯ ತಾಣದಲ್ಲಿವೆ. ಮಗನಿಗೆ ಹೇಳಿ, ನೀವೂ ಕೇಳಿ. ನಿಮ್ಮ ಕಡೆ ಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಜೂನ್ ಬರುವ ಮೊದಲೇ ಒಂದಷ್ಟು ಫೋನಿಗೆ ಇಳಿಸಿಟ್ಟುಕೊಳ್ಳಿ.