ಎರಡನೆಯ ಸಹಿ

ಸಣ್ಣ ಆಸ್ಪತ್ರೆಗಳ ಮಕ್ಕಳ ವಾರ್ಡಿನಲ್ಲಿ ದುಡಿಯುವ ಶುಶ್ರೂಷಕಿಯರು ಕಳೆದ ಕೆಲವು ವರ್ಷಗಳಲ್ಲಿ ಒಬ್ಬರ ಹಿಂದೊಬ್ಬರಂತೆ ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬಂದಿದ್ದಾರೆ. ಹೇಳಿಕೊಂಡ ತೊಂದರೆಗಳು ಬೇರೆ ಬೇರೆ: ನಿದ್ದೆ ಹತ್ತುವುದಿಲ್ಲ, ಮನೆಯಲ್ಲಿ ಸಿಡುಕು, ಕಾರಣವಿಲ್ಲದೆ ಎದೆ ಡವಗುಟ್ಟುತ್ತದೆ, ಕೆಲಸ ಬಿಟ್ಟುಬಿಡಬೇಕೆನ್ನಿಸುತ್ತದೆ. ಕೇಳುತ್ತ ಹೋದರೆ ಎಲ್ಲವೂ ಕೊನೆಗೆ ಒಂದೇ ಲೆಕ್ಕದ ಮುಂದೆ ಬಂದು ನಿಲ್ಲುತ್ತವೆ. ರಾತ್ರಿ ವಾರ್ಡಿನಲ್ಲಿ ಎಷ್ಟು ಮಕ್ಕಳು, ನೋಡಿಕೊಳ್ಳಲು ಎಷ್ಟು ಜನ? ಇಲ್ಲಿ ಬರೆಯುತ್ತಿರುವುದು ಅವರಲ್ಲಿ ಒಬ್ಬರ ಪ್ರಕರಣ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ, ಬರೆಯಲು ಆಕೆಯ ಒಪ್ಪಿಗೆಯನ್ನೂ ಪಡೆದಿದ್ದೇನೆ. ಇದನ್ನೇ ಆರಿಸಿಕೊಳ್ಳಲು ಕಾರಣ, ಇದರಲ್ಲಿ ಮೊದಲು ತಪ್ಪಿದವಳು ನಾನು.

ಆಕೆಗೆ ಮೂವತ್ತರ ಆಸುಪಾಸು, ಮಕ್ಕಳ ಶುಶ್ರೂಷೆಯಲ್ಲಿ ಒಂಬತ್ತು ವರ್ಷಗಳ ಅನುಭವ. ಆಕೆ ಕೆಲಸ ಮಾಡುತ್ತಿದ್ದುದು ಹದಿನಾರು ಹಾಸಿಗೆಗಳ ವಾರ್ಡಿನಲ್ಲಿ; ರಾತ್ರಿ ಪಾಳಿಯಲ್ಲಿ ತರಬೇತಾದ ನರ್ಸ್ ಎಂದು ಇರುತ್ತಿದ್ದುದು ಆಕೆಯೊಬ್ಬರೇ, ಜೊತೆಗೆ ಒಬ್ಬ ಆಯಾ. ಮಗುವೊಂದರ ತಂದೆಯ ಮೇಲೆ ಕೂಗಾಡಿದರೆಂಬ ದೂರು ಬಂದಿದ್ದರಿಂದ, ಒತ್ತಡ ನಿಭಾಯಿಸುವುದನ್ನು ಕಲಿಸಿಕೊಡಿ ಎಂದು ಚೀಟಿ ಬರೆದು ಮೇಲಿನವರು ಕಳುಹಿಸಿದ್ದರು. ಚೀಟಿಯಲ್ಲಿ ಬರೆದಿದ್ದನ್ನೇ ನಾನು ಕಾಯಿಲೆಯೆಂದು ನಂಬಿದೆ. ಮೊದಲ ಎರಡು ಭೇಟಿಗಳಲ್ಲಿ ನಿದ್ದೆಯ ಶಿಸ್ತು, ಕೋಪದ ಮುನ್ಸೂಚನೆಗಳನ್ನು ಗುರುತಿಸುವ ಬಗೆ, ದೀರ್ಘ ಉಸಿರಾಟ ಇವನ್ನೆಲ್ಲ ಕ್ರಮವಾಗಿ ಹೇಳಿಕೊಟ್ಟೆ. ಪಾಳಿಯ ನಡುವೆ ಮನಸ್ಸು ಕದಡಿದಾಗ ಎರಡು ನಿಮಿಷ ಒಂದೆಡೆ ಕುಳಿತು ಉಸಿರಿನ ಮೇಲೆ ಗಮನವಿಡಿ ಎಂದೂ ಸೂಚಿಸಿದ್ದೆ.

ಮೂರನೆಯ ಭೇಟಿಯಲ್ಲಿ ಅಭ್ಯಾಸ ಹೇಗೆ ಸಾಗಿದೆಯೆಂದು ಕೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಡಿದೆ ಮೇಡಂ. ಆದರೆ ಆ ಎರಡು ನಿಮಿಷವನ್ನು ಯಾವ ಮಗುವಿನಿಂದ ತೆಗೆದುಕೊಳ್ಳಲಿ ಅಂತ ನೀವು ಹೇಳಿಕೊಡಲಿಲ್ಲ" ಎಂದರು. ದನಿಯಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ನನ್ನಿಂದ ಉತ್ತರವನ್ನು ಎದುರುನೋಡುತ್ತಿದ್ದಂತೆ ಕಂಡಿತು. ನಾನು ಟಿಪ್ಪಣಿ ಪುಸ್ತಕವನ್ನು ಬದಿಗಿಟ್ಟು, ನಿನ್ನೆಯ ರಾತ್ರಿಯನ್ನು ಮೊದಲಿನಿಂದ ಹೇಳಿ ಎಂದೆ.

ಆಕೆ ಹೇಳಿದ್ದು ಹೀಗಿದೆ. ಪಾಳಿ ವಹಿಸಿಕೊಳ್ಳುವಾಗ ಮಕ್ಕಳ ವಿವರಗಳನ್ನು ಕೇಳುತ್ತಿರುವಂತೆಯೇ ಆಕೆಯ ಮನಸ್ಸು ಇನ್ನೊಂದು ಪಟ್ಟಿಯನ್ನು ತಯಾರಿಸುತ್ತದೆ. ಯಾರನ್ನು ಹೆಚ್ಚು ನೋಡಬೇಕೆಂಬ ಪಟ್ಟಿಯಲ್ಲ ಅದು, ಈ ರಾತ್ರಿ ಯಾರನ್ನು ನೋಡದೆ ಬಿಡಬಹುದೆಂಬ ಪಟ್ಟಿ. ಜ್ವರ ಇಳಿದ ಮಗು, ಎಚ್ಚರದ ತಾಯಿ ಪಕ್ಕದಲ್ಲಿರುವ ಮಗು, ಅಳುವ ಮಗು ಆ ಪಟ್ಟಿಗೆ ಸೇರುತ್ತವೆ. ಅಳುವ ಮಗು ಯಾಕೆ ಎಂದು ಕೇಳಿದೆ. "ಅಳುತ್ತಿದೆ ಎಂದರೆ ಉಸಿರಾಡುತ್ತಿದೆ ಎಂದಾಯಿತಲ್ಲ ಮೇಡಂ" ಎಂದರು. ಕಳೆದ ಒಂದು ವರ್ಷದಿಂದ ಅಳುವ ಮಗುವಿನ ಬಳಿಗೆ ತಾನು ಎಲ್ಲರಿಗಿಂತ ಕೊನೆಯಲ್ಲಿ ಹೋಗುತ್ತಿದ್ದೇನೆಂದೂ, ಈ ಕೆಲಸಕ್ಕೆ ಬಂದದ್ದೇ ಅಳುವ ಮಕ್ಕಳನ್ನು ಎತ್ತಿಕೊಳ್ಳಲು ಎಂದೂ ಹೇಳುವಾಗ ಆಕೆ ನನ್ನ ಮುಖ ನೋಡಲಿಲ್ಲ.

ಆಮೇಲೆ, ನನ್ನ ಬಳಿಗೆ ಬರುವುದಕ್ಕೆ ಮುಂಚಿನ ಒಂದು ರಾತ್ರಿಯ ವಿಷಯ ಬಂತು. ಹದಿನಾಲ್ಕು ಮಕ್ಕಳಿದ್ದರು. ಹೊಸದಾಗಿ ದಾಖಲಾದ ಎರಡು ಕೂಸುಗಳಿಗೆ ಉಸಿರಾಟದ ತೊಂದರೆಯಿತ್ತು. ಇನ್ನೊಂದು ಆರು ತಿಂಗಳ ಮಗುವಿಗೆ ಆ್ಯಂಟಿಬಯೋಟಿಕ್ ಕೊಡುವ ಹೊತ್ತಾಗಿತ್ತು. ತೂಕಕ್ಕೆ ಲೆಕ್ಕ ಹಾಕಿದರೆ 0.7 ಮಿಲಿಲೀಟರ್ ಬರಬೇಕಿತ್ತು. ಲೆಕ್ಕದ ನಡುವೆ ಎರಡು ಬಾರಿ ಕರೆ ಬಂದು, ಎರಡು ಬಾರಿ ಎದ್ದುಹೋಗಿ ಬಂದು, ಕೊನೆಗೆ ಆಕೆ ಸಿರಿಂಜಿಗೆ ಎಳೆದದ್ದು 7 ಮಿಲಿಲೀಟರ್. ಸಣ್ಣ ಸಿರಿಂಜಿನಲ್ಲಿ ಅಷ್ಟು ಹಿಡಿಯದೆಂದು ದೊಡ್ಡದನ್ನು ತೆಗೆದುಕೊಂಡಾಗಲೂ ಅನುಮಾನ ಬರಲಿಲ್ಲವಂತೆ. ಹಾಸಿಗೆಯ ಪಕ್ಕದಲ್ಲಿದ್ದ ತಾಯಿ, "ಇಷ್ಟೊಂದಾ ಸಿಸ್ಟರ್? ಮಧ್ಯಾಹ್ನ ಒಂಚೂರೇ ಕೊಟ್ಟಿದ್ದರು" ಎಂದರು. ಅಷ್ಟರಿಂದ ಕೈ ನಿಂತಿತು. ಮಗುವಿಗೆ ಏನೂ ಆಗಲಿಲ್ಲ. ಆಕೆ ಸಿರಿಂಜನ್ನು ಖಾಲಿ ಮಾಡಿ, ಹೊಸದಾಗಿ ಲೆಕ್ಕ ಹಾಕಿ, ಸರಿಯಾದ ಪ್ರಮಾಣ ಕೊಟ್ಟರು. ಯಾರಿಗೂ ಹೇಳಲಿಲ್ಲ. ಒಂದು ಗಂಟೆಯ ಬಳಿಕ, ಡ್ರಿಪ್ ಏಕೆ ಬದಲಿಸಿಲ್ಲವೆಂದು ಕೇಳಿದ ಇನ್ನೊಂದು ಮಗುವಿನ ತಂದೆಯ ಮೇಲೆ ಕೂಗಾಡಿದ್ದು ಇದೇ ರಾತ್ರಿ. ದೂರು ಆ ಕೂಗಾಟದ್ದು. ಸಿರಿಂಜಿನ ವಿಷಯ ಯಾವ ಕಡತದಲ್ಲೂ ಇರಲಿಲ್ಲ.

ಮಕ್ಕಳಿಗೆ ಚುಚ್ಚುಮದ್ದು ಕೊಡುವ ಮುನ್ನ ಇಬ್ಬರು ಬೇರೆ ಬೇರೆಯಾಗಿ ಲೆಕ್ಕ ಹಾಕಿ ಸಹಿ ಮಾಡಬೇಕಲ್ಲವೇ ಎಂದು ಕೇಳಿದೆ. ಆಸ್ಪತ್ರೆಗಳೊಡನೆ ಒಡನಾಡಿ ನನಗೂ ಅಷ್ಟು ಗೊತ್ತಿತ್ತು. ಆಕೆ ನಕ್ಕರು. "ಎರಡನೆಯ ಸಹಿ ಬೆಳಿಗ್ಗೆ ಆಗುತ್ತೆ ಮೇಡಂ. ಹಗಲು ಪಾಳಿಯವರು ಬಂದು ಹಾಕುತ್ತಾರೆ. ಅವರ ಹಗಲಿನ ಕೆಲವು ಸಹಿಗಳನ್ನು ನಾವು ರಾತ್ರಿ ಹಾಕುತ್ತೇವೆ." ಇದನ್ನು ಆಕೆ ಗುಟ್ಟಿನಂತೆ ಹೇಳಲಿಲ್ಲ. ದೀಪ ಆರಿಸುವ ಹೊತ್ತಿನಂತೆ ಅದೂ ಆ ವಾರ್ಡಿನ ಒಂದು ರೂಢಿಯಾಗಿತ್ತು.

ಆ ಮಾತಿನ ಬಳಿಕ ಈ ಪ್ರಕರಣವನ್ನು ನಾನು ನೋಡುವ ಬಗೆಯೇ ಬದಲಾಯಿತು. ತಾನು ಅಜಾಗರೂಕಳು, ಕಲ್ಲೆದೆಯವಳು, ಈ ಕೆಲಸಕ್ಕೆ ನಾಲಾಯಕ್ಕು ಎಂದು ಆಕೆ ತೀರ್ಮಾನಿಸಿಕೊಂಡಿದ್ದರು. ಆ ತೀರ್ಮಾನಕ್ಕೆ ನನ್ನ ಉಸಿರಾಟದ ಪಾಠ ಮೊಹರು ಒತ್ತಿತ್ತು. ಏಕೆಂದರೆ ಸರಿಪಡಿಸಬೇಕಾದದ್ದು ನಿನ್ನೊಳಗಿದೆ ಎಂದೇ ಆ ಪಾಠ ಹೇಳುತ್ತಿತ್ತು. ಮಾಡಬೇಕಾದ ಸರಿ ಯಾವುದೆಂದು ಗೊತ್ತಿದ್ದೂ ಸಂಸ್ಥೆಯ ಕಟ್ಟುಪಾಡಿನಿಂದ ಅದನ್ನು ಮಾಡಲಾಗದೆ ಹೋಗುವ ಯಾತನೆಯನ್ನು ಆ್ಯಂಡ್ರೂ ಜೇಮ್ಟನ್ ಎಂಬ ತತ್ತ್ವಶಾಸ್ತ್ರಜ್ಞರು 1984ರಲ್ಲಿ ಶುಶ್ರೂಷಕಿಯರ ಸಂದರ್ಭದಲ್ಲಿಯೇ ಹೆಸರಿಟ್ಟು ವಿವರಿಸಿದ್ದರು. ಕನ್ನಡದಲ್ಲಿ ಅದನ್ನು ನೈತಿಕ ಸಂಕಟ ಎನ್ನಬಹುದು. ಹೊರಗಿನಿಂದ ನೋಡಿದರೆ ಅದೂ ಒತ್ತಡದಂತೆಯೇ ಕಾಣುತ್ತದೆ; ಅದೇ ನಿದ್ರಾಹೀನತೆ, ಅದೇ ಸಿಡುಕು. ಆದರೆ ಒತ್ತಡಕ್ಕೆ ವಿಶ್ರಾಂತಿ ಮದ್ದಾದೀತು, ಇದಕ್ಕೆ ಆಗದು. ರಜೆ ಮುಗಿಸಿ ಹಿಂದಿರುಗಿದವರ ಮುಂದೆ ಅದೇ ಹದಿನಾರು ಹಾಸಿಗೆಗಳು, ಅದೇ ಪಟ್ಟಿ ಕಾದಿರುತ್ತವೆ.

ಸಂಖ್ಯೆಯ ವಿಷಯದಲ್ಲಿ ನಾನು ಪರಿಣತಳಲ್ಲ, ಆದರೆ ಈ ಪ್ರಕರಣದ ನಂತರ ಓದಿಕೊಂಡೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ನರ್ಸಿಂಗ್ 2013ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ಎರಡು ವರ್ಷದೊಳಗಿನ ಮೂವರು ಮಕ್ಕಳಿಗೆ ಒಬ್ಬ ನರ್ಸ್, ಅದಕ್ಕಿಂತ ದೊಡ್ಡ ಮಕ್ಕಳಾದರೆ ನಾಲ್ವರಿಗೆ ಒಬ್ಬರು ಇರಬೇಕು. ಹಗಲಿಗೂ ರಾತ್ರಿಗೂ ಇದೇ ಲೆಕ್ಕ. ವಾರ್ಡ್ ಎಷ್ಟೇ ಚಿಕ್ಕದಿರಲಿ, ಮಕ್ಕಳ ಶುಶ್ರೂಷೆಯಲ್ಲಿ ತರಬೇತಾದ ಇಬ್ಬರಾದರೂ ಸದಾ ಇರಬೇಕೆಂದೂ ಅದು ಹೇಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2004ರಿಂದ ಕಾನೂನೇ ಇದ್ದು, ಮಕ್ಕಳ ವಾರ್ಡಿನಲ್ಲಿ ಒಬ್ಬ ನರ್ಸ್‌ಗೆ ನಾಲ್ಕಕ್ಕಿಂತ ಹೆಚ್ಚು ಮಕ್ಕಳನ್ನು ವಹಿಸುವಂತಿಲ್ಲ. ವೇಲ್ಸ್‌ನಲ್ಲಿ ನರ್ಸ್‌ಗಳ ಸಂಖ್ಯೆಯ ಬಗ್ಗೆ 2016ರಲ್ಲಿ ಮಾಡಿದ ಕಾನೂನು 2021ರಲ್ಲಿ ಮಕ್ಕಳ ವಾರ್ಡುಗಳಿಗೂ ವಿಸ್ತರಿಸಿತು. ಇವುಗಳಲ್ಲಿ ನನಗೆ ಬಹಳ ಮುಖ್ಯವೆನಿಸಿದ್ದು "ಸದಾ ಇಬ್ಬರು" ಎಂಬ ಮಾತು. ದೊಡ್ಡ ವಾರ್ಡಿನಲ್ಲಿ ಒಬ್ಬರು ಔಷಧ ತರಲು ಹೋದರೆ ಉಳಿದವರು ಕಣ್ಣಿಟ್ಟಿರುತ್ತಾರೆ. ನಾಲ್ಕೇ ಮಕ್ಕಳಿರುವ ಸಣ್ಣ ವಾರ್ಡಿನಲ್ಲಿ ಒಬ್ಬ ನರ್ಸ್ ಎಂಬುದು ಕಾಗದದ ಮೇಲೆ ಸರಿಯಾದ ಲೆಕ್ಕವೇ. ಆದರೆ ಆಕೆ ಶೌಚಾಲಯಕ್ಕೆ ಹೋದರೂ ವಾರ್ಡಿನಲ್ಲಿ ನರ್ಸ್ ಇಲ್ಲ, ಒಂದು ಮಗುವನ್ನು ಆ್ಯಂಬುಲೆನ್ಸಿನಲ್ಲಿ ಬೇರೆಡೆಗೆ ಕರೆದೊಯ್ಯಬೇಕಾದರೆ ಉಳಿದ ಮೂವರಿಗೆ ಯಾರೂ ಇಲ್ಲ. ಇನ್ನು ಎರಡನೆಯ ಸಹಿಯಂತೂ ಇಬ್ಬರಿಲ್ಲದ ಕಡೆ ಸುಳ್ಳಾಗಲೇಬೇಕು.

ಆಡಳಿತದವರು ತೋರಿಸುವ ಅಂಕಿಯಲ್ಲೂ ಒಂದು ಮೋಸವಿದೆ, ಅದು ಉದ್ದೇಶಪೂರ್ವಕವೆಂದು ನಾನು ಹೇಳುತ್ತಿಲ್ಲ. ಹಾಸಿಗೆಗಳನ್ನು ಹಲವೆಡೆ ನಡುರಾತ್ರಿಗೊಮ್ಮೆ ಎಣಿಸುತ್ತಾರೆ. ಮಕ್ಕಳು ಬೇಗ ಬರುತ್ತಾರೆ, ಬೇಗ ಹೋಗುತ್ತಾರೆ. ಬೆಳಿಗ್ಗೆ ಸೇರಿ ಸಂಜೆ ಮನೆಗೆ ಮರಳಿದ ಮಗು ನಡುರಾತ್ರಿಯ ಎಣಿಕೆಗೆ ಸಿಗುವುದೇ ಇಲ್ಲ. ಸೇರಿಸಿಕೊಳ್ಳುವುದು ಮತ್ತು ಬಿಡುಗಡೆ ಮಾಡುವುದೇ ಹೆಚ್ಚು ಕೆಲಸ ಬೇಡುವ ಹೊತ್ತು. ಎಣಿಕೆಯಲ್ಲಿ ವಾರ್ಡ್ ಅರ್ಧ ಖಾಲಿ ಎಂದು ಕಂಡರೆ ಇದ್ದ ಒಬ್ಬ ನರ್ಸನ್ನೂ ದೊಡ್ಡವರ ವಾರ್ಡಿಗೆ ಕಳುಹಿಸುತ್ತಾರೆ. ತಾಯಂದಿರು ಇದ್ದಾರಲ್ಲ ಎಂಬ ಸಮಾಧಾನ ಬೇರೆ! ತಾಯಿ ಮಗುವನ್ನು ಸಂತೈಸಬಲ್ಲಳು, ಉಸಿರಿನ ವೇಗವನ್ನು ಎಣಿಸಲು ಆಕೆಗೆ ಯಾರೂ ಕಲಿಸಿರುವುದಿಲ್ಲ. ರಕ್ತದೊತ್ತಡ ಕುಸಿಯದಂತೆ ಮಗುವಿನ ದೇಹ ಬಹಳ ಹೊತ್ತು ಹೆಣಗುತ್ತದೆ, ಕುಸಿದಾಗ ಒಮ್ಮೆಲೇ ಕುಸಿಯುತ್ತದೆ. ಅದಕ್ಕೆ ಮೊದಲಿನ ಸಣ್ಣ ಸೂಚನೆಗಳು ಮತ್ತೆ ಮತ್ತೆ ಬಂದು ನೋಡುವವರ ಕಣ್ಣಿಗೆ ಮಾತ್ರ ಬೀಳುತ್ತವೆ.

ಇದನ್ನೆಲ್ಲ ಮನಸ್ಸಿನಲ್ಲಿಟ್ಟು, ನಾಲ್ಕನೆಯ ಭೇಟಿಯಲ್ಲಿ ನಾನು ನೀಡಿದ ಸಲಹೆ ಇದು. ಸಿರಿಂಜಿನ ಘಟನೆಯನ್ನು, ಮಗುವಿಗೆ ಹಾನಿಯಾಗಿಲ್ಲ ಎಂಬ ಕಾರಣಕ್ಕೆ ಮುಚ್ಚಿಡದೆ, ಆ ಹೊತ್ತಿನಲ್ಲಿ ವಾರ್ಡಿನಲ್ಲಿದ್ದ ಮಕ್ಕಳ ಸಂಖ್ಯೆ ಮತ್ತು ಸಿಬ್ಬಂದಿಯ ಸಂಖ್ಯೆಯೊಂದಿಗೆ ಬರೆದು ಕೊಡಿ. ಇನ್ನು ಮುಂದೆ ಒಬ್ಬರೇ ಇದ್ದ ರಾತ್ರಿಗಳಲ್ಲಿ ಎರಡನೆಯ ಸಹಿಯ ಜಾಗವನ್ನು ಖಾಲಿ ಬಿಡಿ, "ಎರಡನೆಯ ನರ್ಸ್ ಇರಲಿಲ್ಲ" ಎಂದು ಅಲ್ಲಿಯೇ ಬರೆಯಿರಿ, ಬೆಳಿಗ್ಗೆ ಬಂದವರಿಂದ ತುಂಬಿಸಬೇಡಿ, ನೀವೂ ಅವರದನ್ನು ತುಂಬಬೇಡಿ. ಸಂಖ್ಯೆ ಸಾಲದೆಂದು ತಿಳಿಸುವುದಾದರೆ ಪಾಳಿಯ ಆರಂಭದಲ್ಲಿಯೇ ಬರಹದಲ್ಲಿ ತಿಳಿಸಿ. ಬೆಳಿಗ್ಗೆ ಹೇಳಿದರೆ ಅದು ಗೊಣಗಾಟ ಎನ್ನಿಸಿಕೊಳ್ಳುತ್ತದೆ, ಸಂಜೆ ಹೇಳಿದರೆ ಯಾರಾದರೂ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ಆ ವಾರ್ಡಿನ ರಾತ್ರಿ ಪಾಳಿ ಮಾಡುವ ಉಳಿದ ಮೂವರೊಡನೆ ಮಾತಾಡಿ ಎಲ್ಲರೂ ಇದೇ ಕ್ರಮ ಹಿಡಿಯಿರಿ, ಒಬ್ಬರೇ ಮುಂದೆ ನಿಲ್ಲಬೇಡಿ. ರಾಜೀನಾಮೆಯನ್ನು ಸದ್ಯ ಬರೆಯಬೇಡಿ. ತನ್ನನ್ನು ತಾನು ಅಪರಾಧಿಯೆಂದು ನಂಬಿರುವ ಹೊತ್ತಿನಲ್ಲಿ ಕೆಲಸ ಬಿಟ್ಟವರು ಆ ನಂಬಿಕೆಯನ್ನು ಮುಂದಿನ ಕೆಲಸಕ್ಕೂ ಹೊತ್ತೊಯ್ಯುತ್ತಾರೆ.

ನನ್ನ ವೃತ್ತಿಬಾಂಧವರಲ್ಲಿ ಇಬ್ಬರಿಗೆ ಈ ಸಲಹೆ ಸರಿಬರಲಿಲ್ಲ. ಆಪ್ತಸಲಹೆಗಾರರು ಆಡಳಿತದ ವಿಷಯಕ್ಕೆ ಕೈ ಹಾಕಬಾರದು, ಬಂದವರು ತಮ್ಮ ದಾರಿಯನ್ನು ತಾವೇ ಕಂಡುಕೊಳ್ಳುವಂತೆ ಜೊತೆಗಿರಬೇಕು ಎಂಬುದು ಒಬ್ಬರ ವಾದ. ಆಕೆಯ ಕೆಲಸಕ್ಕೆ ಕುತ್ತು ಬಂದರೆ ಹೊಣೆ ಯಾರು ಎಂಬುದು ಇನ್ನೊಬ್ಬರ ಪ್ರಶ್ನೆ. ಎರಡನೆಯದು ನ್ಯಾಯವಾದ ಪ್ರಶ್ನೆ; ಅದನ್ನು ಆಕೆಯ ಮುಂದೆಯೇ ಇಟ್ಟಿದ್ದೆ, ತೊಂದರೆ ಬರಬಹುದೆಂದೂ ಸ್ಪಷ್ಟವಾಗಿ ಹೇಳಿದ್ದೆ. ಮೊದಲನೆಯದನ್ನು ಮಾತ್ರ ಒಪ್ಪಲಾರೆ. ಆಸ್ಪತ್ರೆ ಬರೆದುಕೊಟ್ಟ ಚೀಟಿಯನ್ನು ಕೈಯಲ್ಲಿ ಹಿಡಿದು ಆಕೆಯ ಕೋಪಕ್ಕೆ ಪಾಠ ಹೇಳಿದಾಗಲೇ ನಾನು ಆಡಳಿತದ ವಿಷಯಕ್ಕೆ ಕೈ ಹಾಕಿಯಾಗಿತ್ತು, ಅದೂ ಆಡಳಿತದ ಪರವಾಗಿ. ಆಗ ಯಾರೂ ಆಕ್ಷೇಪಿಸಲಿಲ್ಲ. ಅಲ್ಲದೆ ಆಕೆಯ ಗುಣವೂ ಇದರಿಂದಲೇ ಆಗಬೇಕಿತ್ತು. ರೋಗಿಗೆ ಹಾನಿಯಾದಾಗ ಅದರಲ್ಲಿ ಭಾಗಿಯಾದ ವೈದ್ಯರು ನರ್ಸ್‌ಗಳು ಎರಡನೆಯ ಬಲಿಪಶುಗಳಾಗುತ್ತಾರೆ ಎಂದು ಆಲ್ಬರ್ಟ್ ವು ಎಂಬ ವೈದ್ಯರು 2000ದಲ್ಲಿ ಬರೆದಿದ್ದರು. ಹಾನಿಯಾಗದೆ ಕೂದಲೆಳೆಯಲ್ಲಿ ತಪ್ಪಿದಾಗಲೂ ಅಷ್ಟೇ ನೋವಾಗುವುದನ್ನು ನಾನು ಕಂಡಿದ್ದೇನೆ. ಏನೂ ಆಗಲಿಲ್ಲವಲ್ಲ ಎಂದು ಸುತ್ತಲಿನವರು ಹೇಳುವುದರಿಂದ ಅವರಿಗೆ ಅದನ್ನು ಹೇಳಿಕೊಳ್ಳಲು ಜಾಗವೂ ಇರುವುದಿಲ್ಲ. ತನ್ನ ತಪ್ಪಿನ ಪಾಲು ಎಷ್ಟು, ಒಬ್ಬಳನ್ನೇ ಬಿಟ್ಟವರ ಪಾಲು ಎಷ್ಟು ಎಂಬುದನ್ನು ಬರಹದಲ್ಲಿ ಬೇರ್ಪಡಿಸದ ಹೊರತು ಅಪರಾಧ ಭಾವದ ಪೂರ್ತಿ ಭಾರ ಒಬ್ಬರ ತಲೆಯ ಮೇಲೇ ಉಳಿಯುತ್ತದೆ. ಆಕೆಯ ಪಾಲು ಇರಲಿಲ್ಲವೆಂದು ನಾನು ಹೇಳಲಿಲ್ಲ. ದೊಡ್ಡ ಸಿರಿಂಜನ್ನು ಕೈಗೆತ್ತಿಕೊಂಡಾಗ ಅನುಮಾನ ಬರಬೇಕಿತ್ತು. ಅದನ್ನು ಆಕೆಯೂ ಅಲ್ಲಗಳೆಯಲಿಲ್ಲ.

ಫಲ ಮಿಶ್ರವಾಗಿದೆ. ಉಳಿದ ಮೂವರಲ್ಲಿ ಇಬ್ಬರು ಜೊತೆಯಾದರು, ಒಬ್ಬರು ಹಿಂದೆ ಸರಿದರು. ಖಾಲಿ ಬಿಟ್ಟ ಸಹಿಗಳ ಹಾಳೆಗಳು ಐದು ವಾರ ಸೇರುತ್ತ ಹೋದ ಮೇಲೆ, ಹನ್ನೆರಡಕ್ಕಿಂತ ಹೆಚ್ಚು ಮಕ್ಕಳಿರುವ ರಾತ್ರಿಗಳಿಗೆ ಎರಡನೆಯ ನರ್ಸ್ ಕೊಡಲು ಆಸ್ಪತ್ರೆ ಒಪ್ಪಿತು. ಹನ್ನೆರಡರ ಅಂಕಿ ಎಲ್ಲಿಂದ ಬಂತೆಂದು ಯಾರೂ ವಿವರಿಸಿಲ್ಲ; ಹನ್ನೊಂದು ಮಕ್ಕಳಿದ್ದರೆ ಈಗಲೂ ಒಬ್ಬರೇ. ಆಕೆಯ ನಿದ್ದೆ ಸುಧಾರಿಸಿದೆ, ಪೂರ್ತಿಯಲ್ಲ. ರಜೆಯ ದಿನವೂ ಸಂಜೆ ವಾರ್ಡಿಗೆ ಫೋನ್ ಮಾಡಿ ಮಕ್ಕಳೆಷ್ಟು ಎಂದು ಕೇಳುವ ಚಟ ಉಳಿದಿದೆ, ಅದನ್ನು ಬಿಡಿಸಲು ನಾನು ಆತುರಪಟ್ಟಿಲ್ಲ.

ಘಟನೆಯ ವರದಿಯನ್ನು ಕೊಡಲು ಹೋದ ದಿನದ ವಿಷಯವನ್ನು ಆಕೆ ನನಗೆ ಕೊನೆಯ ಭೇಟಿಯಲ್ಲಿ ಹೇಳಿದರು. ತಪ್ಪು ಹೇಗೆ ಪತ್ತೆಯಾಯಿತು ಎಂಬ ಕಾಲಮಿನಲ್ಲಿ "ಮಗುವಿನ ತಾಯಿ ಕೇಳಿದ್ದರಿಂದ" ಎಂದು ಬರೆದಿದ್ದರಂತೆ. ಅದನ್ನು ಓದಿದ ಮೇಲಿನವರು, ಹೊರಗಿನವರ ಪ್ರಸ್ತಾಪ ಬೇಡ, "ಮರುಪರಿಶೀಲನೆಯ ವೇಳೆ" ಎಂದು ಬದಲಿಸಿ ಎಂದರಂತೆ. ಉಳಿದ ಎಲ್ಲ ತಿದ್ದುಪಡಿಗಳಿಗೂ ಒಪ್ಪಿದ ಆಕೆ ಆ ಒಂದು ಸಾಲನ್ನು ಮಾತ್ರ ಹಾಗೆಯೇ ಬಿಟ್ಟು, ಕೆಳಗೆ ತಮ್ಮ ಸಹಿ ಹಾಕಿ, ಪ್ರತಿಯೊಂದನ್ನು ಪಡೆದು ಬಂದಿದ್ದರು.