ಪ್ರತಿಕ್ರಿಯೆ: ಹಾಸ್ಟೆಲಿನಿಂದ ರಾತ್ರಿ ಅಳುತ್ತಾ ಕರೆ ಮಾಡುವ ಮಗಳು
ಮಗಳು ಇಂಜಿನಿಯರಿಂಗ್ ಸೇರಿ ಮೂರು ವಾರವಾದರೂ ರಾತ್ರಿ ಕರೆ ಮಾಡಿ ಅಳುವುದಕ್ಕೆ, ನೀವು ಶಂಕಿಸಿರುವಂತೆ ಕೋರ್ಸಿನ ಆಯ್ಕೆ ತಪ್ಪಿರುವುದಕ್ಕಿಂತ, ಮನೆಯ ನೆನಪು ಮತ್ತು ಪಾಠದ ವೇಗ ಎರಡೂ ಒಟ್ಟಿಗೆ ಮೇಲೆ ಬಿದ್ದಿರುವುದೇ ಕಾರಣವಿರಬಹುದು.

ಆದರೆ ನೀವು ಬರೆದಷ್ಟರಿಂದ ರ‍್ಯಾಗಿಂಗ್ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಮೊದಲು ಅದನ್ನು ವಿಚಾರಿಸಿ. ನೇರವಾಗಿ ಕೇಳಿದರೆ ಮಕ್ಕಳು ಅನೇಕ ವೇಳೆ ಇಲ್ಲವೆಂದುಬಿಡುತ್ತಾರೆ. ಆದ್ದರಿಂದ ಊಟಕ್ಕೆ ಯಾರ ಜೊತೆ ಹೋಗುತ್ತಾಳೆ, ರಾತ್ರಿ ಕೋಣೆಗೆ ಹಿರಿಯ ವಿದ್ಯಾರ್ಥಿನಿಯರು ಬರುತ್ತಾರೆಯೇ ಎಂದು ಮಾತಿನ ನಡುವೆ ಕೇಳಿ. ಸುಳಿವು ಸಿಕ್ಕರೆ ವಾರ್ಡನ್‌ಗೆ ಲಿಖಿತ ದೂರು ಕೊಟ್ಟು, ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ರ‍್ಯಾಗಿಂಗ್ ವಿರೋಧಿ ಸಹಾಯವಾಣಿ 1800-180-5522ಕ್ಕೂ ಕರೆ ಮಾಡಿ.

ಅದಿಲ್ಲವೆಂದಾದರೆ, ಯಾವ ವಿಷಯ ಅರ್ಥವಾಗುತ್ತಿಲ್ಲವೆಂಬುದನ್ನು ಅವಳೇ ತನ್ನ ಮೆಂಟರ್ ಅಧ್ಯಾಪಕರಿಗೆ ಹೇಳಲಿ. ಅವಳ ಪರವಾಗಿ ನೀವು ಫೋನ್ ಮಾಡಬೇಡಿ. ಪ್ರತಿದಿನದ ಕರೆಯನ್ನು ನಿಲ್ಲಿಸದೆ ಸಂಜೆಗೆ ಬದಲಿಸಿ. ಪ್ರತಿ ಶನಿವಾರ ಊರಿಗೆ ಕರೆಸಿಕೊಳ್ಳುವುದನ್ನು ಮೊದಲ ಆಂತರಿಕ ಪರೀಕ್ಷೆಯವರೆಗಾದರೂ ಬಿಡಿ, ಏಕೆಂದರೆ ಹಾಸ್ಟೆಲಿನ ಸ್ನೇಹ ಕುದುರುವುದು ಭಾನುವಾರದ ಬಿಡುವಿನಲ್ಲಿಯೇ. ಇದು ನಿಮಗೇ ಹೆಚ್ಚು ಕಷ್ಟವಾಗುತ್ತದೆ.

ಊಟ, ನಿದ್ರೆ ತಪ್ಪುವುದು ಮುಂದುವರಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಹಗಲುರಾತ್ರಿ ಕನ್ನಡದಲ್ಲಿಯೇ ಮಾತನಾಡಬಹುದು. ಬದುಕುವುದೇ ಬೇಡವೆಂಬ ಮಾತು ಬಂದರೆ ವಾರ್ಡನ್‌ಗೆ ತಕ್ಷಣ ತಿಳಿಸಿ, ಅವಳನ್ನು ಒಂಟಿಯಾಗಿ ಬಿಡದಂತೆ ಹೇಳಿ, ನೀವು ಆಗಲೇ ಹೊರಡಿ.